ಸೋಮವಾರದ ಉಣ್ಣಿ

ನನಗೆ ದನ ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಅತ್ತದ್ದನ್ನು ಓದಿ ಯಾರಾದರೂ ನನ್ನನ್ನು ದೊಡ್ಡ ಕರುಣಾಮಯಿ ಅಂದುಕೊಂಡಾರು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮನೆಯ ಹಿಂದೆ ತಗಡು ಹೊದಿಸಿದ ಕೊಟ್ಟಿಗೆಯಿದೆ. ಹೋದ ಮಳೆಗಾಲದಲ್ಲಿ ಅದರಲ್ಲಿ ಒಂದು ಜವಾರಿ ಆಕಳು, ಒಂದು ಜರ್ಸಿ ಇದ್ದವು. ಎರಡೂ ಅತ್ತೆಯವು. ನನ್ನ ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುತ್ತಾರೆ, ನಾನು ತುಂಗಭದ್ರಾ ಡ್ಯಾಂನ ಆಫೀಸಿಗೆ. ಹಗಲೆಲ್ಲ ಅತ್ತೆಗೆ ದನ, ದನಕ್ಕೆ ಅತ್ತೆ. ಸೊಸೆಗಿಂತ ಆಕಳು ಮಾತು ಕೇಳುತ್ತದೆ ಎಂದು ಓಣಿಯವರೆದುರು ಅವರು ಹೇಳುವುದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಜರ್ಸಿ ಎರಡು ಸಲ ಹೋರಿಗರು ಹಾಕಿತ್ತು. ಮೂರನೆಯ ಸಲ ಹೆಣ್ಣುಗರು ಹುಟ್ಟಿದಾಗ ಅತ್ತೆ ಓಣಿಯ ಮನೆಮನೆಗೂ ಗಿಣ್ಣ ಹಂಚಿದರು. "ನಾ ಹೋದ ಮ್ಯಾಲೂ ಈ ಮನ್ಯಾಗ ಹೈನ ನಿಲ್ಲಂಗಿಲ್ಲ ನೋಡವಾ, ಇಕಿ ಅದಾಳ" ಎಂದು ಕರುವಿನ ಹಣೆಯ ಬಿಳಿ ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಮಾವ ತೀರಿಕೊಂಡ ಮೇಲೆ ಅವರು ಮುಂದಿನ ದಿನಗಳ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷ ಉಣ್ಣಿಯ ಕಾಟ ವಿಪರೀತವಾಗಿತ್ತು. ಮೊದಲೆಲ್ಲ ಉಣ್ಣಿ ಅಂದರೆ ಅಲ್ಲೊಂದು ಇಲ್ಲೊಂದು, ಬೇಸಿಗೆಯ ಬಿಸಿಲಿಗೆ ತಾನೇ ಕಡಿಮೆಯಾಗುತ್ತಿತ್ತು ಎಂದು ಅತ್ತೆ ಹೇಳುತ್ತಾರೆ. ಈಗ ಲಾರಿಗಳಲ್ಲಿ ಎಲ್ಲೆಲ್ಲಿಯ ದನವೋ ಬರುತ್ತವೆ, ಎಲ್ಲೆಲ್ಲಿಯ ಉಣ್ಣಿಯೋ ಜೊತೆಗೆ ಇಳಿಯುತ್ತವೆ. ಕಂಪ್ಲಿಯ ಭತ್ತದ ಗದ್ದೆಯವರ ಬಾಯಲ್ಲೂ ಅದೇ ಮಾತು, ಹಂಪಿಯ ಬಾಳೆತೋಟದವರ ಬಾಯಲ್ಲೂ ಅದೇ. ಒಂದು ದಿನ ಆಫೀಸಿನಲ್ಲಿ ಫೈಲು ನೋಡುತ್ತ ಕುತ್ತಿಗೆ ತುರಿಸಿಕೊಂಡರೆ ಬೆರಳಿಗೆ ಒಂದು ಉಣ್ಣಿ ಸಿಕ್ಕಿತು. ಪಕ್ಕದ ಕುರ್ಚಿಯವರು ಅಂದಿನಿಂದ ಒಂದು ಮಾರು ದೂರ ಸರಿದು ಕೂತರು.

ಅತ್ತೆ ದಿನಾ ಉಣ್ಣಿ ಕೀಳುತ್ತಿದ್ದರು. ಬಚ್ಚಲ ಒಲೆಯ ಕೆಂಡವನ್ನು ಒಡೆದ ಹಂಚಿನಲ್ಲಿ ತಂದಿಟ್ಟುಕೊಂಡು, ಕಿವಿಯ ಸಂದು, ಕೆಚ್ಚಲ ಬುಡ ಎಲ್ಲ ತಡಕಿ, ಒಂದೊಂದನ್ನೇ ಕಿತ್ತು ಅದರಲ್ಲಿ ಹಾಕುವರು. ಚಟ್ ಅನ್ನುವುದು. ಆದರೆ ಸೋಮವಾರ ಹಾಗಲ್ಲ. ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡದ ದಿನ, ದನದ ಮೈ ತೊಳೆದು ಕುಂಕುಮ ಹಚ್ಚುವ ದಿನ. ಅವತ್ತು ದನದ ಮೈಮೇಲಿನ ಯಾವ ಜೀವವನ್ನೂ ಕೊಲ್ಲಬಾರದೆಂಬುದು ಅವರ ತವರಿನಿಂದ ಬಂದ ರೂಢಿ. ಕಿತ್ತ ಉಣ್ಣಿಗಳನ್ನೆಲ್ಲ ಔಡಲ ಎಲೆಯಲ್ಲಿ ಮಡಚಿ, ದಾರ ಸುತ್ತಿ, ನನ್ನ ಕೈಗೆ ಕೊಡುತ್ತಿದ್ದರು.

"ಕಾಲವಿ ದಾಟಿಸಿ ಬಿಡವಾ. ನೀರು ದಾಟಿ ಅವು ತಿರುಗಿ ಬರಂಗಿಲ್ಲ."

ಬಸ್ಸಿಗೆ ಹೋಗುವ ದಾರಿಯಿಂದ ಸ್ವಲ್ಪ ಹೊರಳಿದರೆ ಕಾಲುವೆಯ ಸೇತುವೆ. ಸ್ವಲ್ಪ ಅಂದರೆ ಹತ್ತು ನಿಮಿಷ. ಮೊದಲ ಎರಡು ವಾರ ಹೋಗಿ ಬಂದೆ. ಮೂರನೆಯ ವಾರ ಬಸ್ಸು ತಪ್ಪಿತು, ಸಾಹೇಬರಿಂದ ಮಂಗಳಾರತಿಯಾಯಿತು. ಇಸ್ತ್ರಿ ಮಾಡಿದ ಸೀರೆಯುಟ್ಟು, ಒಳಗೆ ಉಣ್ಣಿ ಹರಿದಾಡುವ ಎಲೆ ಹಿಡಿದು ಕೆಸರು ತುಳಿಯುವ ನನ್ನ ಹಣೆಬರಹಕ್ಕೆ ನನಗೇ ಸಿಟ್ಟು ಬಂತು. ನಾಲ್ಕನೆಯ ವಾರದಿಂದ ಕೊಟ್ಟಿಗೆಯ ಹಿಂದೆ ಸುತ್ತಿಹೋಗಿ, ಹುಲ್ಲಿನ ಬಣವೆಯ ಮಗ್ಗುಲಿಗೆ ಎಸೆದು ನೆಟ್ಟಗೆ ಬಸ್ ಸ್ಟಾಪಿಗೆ ನಡೆದೆ. ಸಂಜೆ ಅತ್ತೆ ಕೇಳುವರು, "ದಾಟಿಸಿದೆ ಏನವಾ?" ನಾನು, "ಹ್ಞೂಂ ಅತ್ತಿ." ಮಳೆಗಾಲ ಮುಗಿಯುವವರೆಗೂ ಇದೇ ನಡೆಯಿತು.

ಕರುವಿಗೆ ಜ್ವರ ಬಂದಾಗ ಮೊದಲು ಯಾರೂ ಹೆದರಲಿಲ್ಲ. ಎರಡನೆಯ ದಿನ ಅದು ಹಾಲು ಕುಡಿಯುವುದನ್ನು ಬಿಟ್ಟಿತು. ಮೂರನೆಯ ದಿನ ಕುತ್ತಿಗೆಯ ಬುಡದಲ್ಲಿ ನಿಂಬೆಕಾಯಿ ಗಾತ್ರದ ಗಂಟು ಕಂಡಿತು, ಕಣ್ಣು ಉಬ್ಬಿ ಹೊರಗೆ ಬಂದಂತಾಗಿತ್ತು. ದನದ ಡಾಕ್ಟರಮ್ಮ ಬಂದು ಗಂಟು ಮುಟ್ಟಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು.

"ಇದು ಉಣ್ಣಿಯಿಂದ ಬರೋ ರೋಗಾರೀ. ಜವಾರಿ ದನ ತಡಕೊಂತಾವ, ಜರ್ಸಿ ಕರ ತಡಕೊಳ್ಳಂಗಿಲ್ಲ. ಕಿತ್ತ ಉಣ್ಣಿ ಎಲ್ಲಿ ಹಾಕ್ತೀರಿ?"

"ಕೆಂಡದಾಗ್ರಿ. ಸೋಮಾರ ಮಾತ್ರ ನಮ್ಮ ಸೊಸಿ ಕಾಲವಿ ಆಚಿಗೆ ಬಿಟ್ಟು ಬರ್ತಾಳ್ರಿ" ಅಂದರು ಅತ್ತೆ. ಪಡಸಾಲೆಯಲ್ಲಿ ಮಲಗಿಸಿದ್ದ ಕರುವಿನ ತಲೆ ಅವರ ತೊಡೆಯ ಮೇಲಿತ್ತು.

ಡಾಕ್ಟರಮ್ಮ ಕೊಟ್ಟಿಗೆ ನೋಡಬೇಕೆಂದು ಮನೆಯ ಹಿಂದಕ್ಕೆ ಹೋದರು. ನಾನೂ ಹೋದೆ. ಕಡ್ಡಿಯಿಂದ ಗೋಡೆಯ ಬಿರುಕು ಕೆದರಿದರೆ ರಾಗಿ ಚೆಲ್ಲಿದ ಹಾಗೆ ಸಣ್ಣಸಣ್ಣ ಉಣ್ಣಿಗಳು ಸುರಿದವು, ಸುರಿದು ನಡೆಯತೊಡಗಿದವು. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಉಣ್ಣಿ ಕೆಳಗೆ ಬಿದ್ದರೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದಂತೆ. ಅಲ್ಲಿಂದ ಮತ್ತೆ ದನದ ಮೈಗೆ. ಹೇಳುತ್ತಲೇ ಅವರು ಬಣವೆಯ ಬುಡದತ್ತ ನೋಡಿದರು.

"ಇದೇನ್ರೀ, ಇಷ್ಟು ಔಡಲ ಎಲಿ? ದಾರ ಬ್ಯಾರೆ ಸುತ್ತೈತಿ."

"ಯಾರೋ ಒಗದಿರ್ತಾರ್ರಿ" ಅಂದೆ.

ಅವರು ನನ್ನ ಮುಖ ನೋಡಿದರು. ಬೇಕಾದ ಇಂಜೆಕ್ಷನ್ನಿನ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟು, ಇವತ್ತೇ ಆಗಬೇಕು ಅಂದರು.

ಹೊಸಪೇಟೆಯ ಅಂಗಡಿಗಳಲ್ಲಿ ಅದು ಮುಗಿದಿತ್ತು. ಎಲ್ಲರ ಕೊಟ್ಟಿಗೆಯಲ್ಲೂ ಇದೇ ರೋಗವಾದರೆ ಮುಗಿಯದೆ ಏನಾಗುತ್ತದೆ? ಸಂಡೂರಿನ ಒಂದು ಅಂಗಡಿಯಲ್ಲಿದೆ ಎಂದು ಫೋನಿನಲ್ಲಿ ಗೊತ್ತಾಗಿ ರಜೆ ಹಾಕಿ ಓಡಿದೆ. ಔಷಧಿ ಸಿಕ್ಕಿತು. ಬರುವಾಗ ಅದಿರಿನ ಲಾರಿಯೊಂದು ರಸ್ತೆಗೆ ಅಡ್ಡವಾಗಿ ಕೆಟ್ಟು ನಿಂತಿತ್ತು. ಬಸ್ಸು ಕದಲಲಿಲ್ಲ. ಹತ್ತು ನಿಮಿಷ ಉಳಿಸಲು ನಾನು ಮಾಡಿದ ಕೆಲಸ ನೆನಪಾಗಿ, ಔಷಧಿಯ ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದು, ಕೆಂಪು ಧೂಳಿನ ಕಿಟಕಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು, "ಆಸ್ಪತ್ರ್ಯಾಗ ಯಾರದಾರವಾ?" ಎಂದು ಕೇಳಿದಳು. ಕರು ಅನ್ನಲು ನಾಚಿಕೆಯಾಗಿ ನಮ್ಮ ಮನೆಯ ಮಗು ಅಂದೆ.

ಮಧ್ಯಾಹ್ನ ಮೂರಕ್ಕೆ ಇಂಜೆಕ್ಷನ್ ಆಯಿತು. ಮೊದಲೇ ಕೊಡಬೇಕಾಗಿತ್ತು ಎಂದು ಡಾಕ್ಟರಮ್ಮ ನೆಲ ನೋಡುತ್ತ ಹೇಳಿದರು. ಮರುದಿನ ಬೆಳಗ್ಗೆ ಜರ್ಸಿ ಕೆಚ್ಚಲು ತುಂಬಿ ಕೂಗುತ್ತಿತ್ತು, ಕರು ಏಳಲಿಲ್ಲ. ಅತ್ತೆ ಅದರ ಹಣೆಯ ಬಿಳಿ ಚುಕ್ಕೆಗೆ ಕುಂಕುಮ ಹಚ್ಚಿದರು. ಗಂಡ ಶಿಫ್ಟು ಬಿಟ್ಟು ಬಂದು ಹಿತ್ತಲಲ್ಲಿ ಕುಣಿ ತೋಡಿದರು.

ಆಮೇಲೆ ಗೋಡೆಗೆ ಔಷಧಿ ಹೊಡೆಸಿದೆವು, ಬಿರುಕಿಗೆ ಸಿಮೆಂಟು ಮೆತ್ತಿದೆವು, ಬಣವೆ ತೆಗೆಸಿದೆವು. ಎಲೆಗಳನ್ನು ಮಾತ್ರ ಯಾರೂ ನೋಡುವ ಮೊದಲೇ ನಾನು ಸುಟ್ಟಿದ್ದೆ. ವಾರ ಕಳೆಯುವುದರೊಳಗೆ ಜರ್ಸಿಯ ಕಿವಿಯಲ್ಲಿ ಮತ್ತೆ ಉಣ್ಣಿ. ಎಲ್ಲಿಂದ ಬರುತ್ತವೆ ಎಂದು ಯಾರಿಗೆ ಕೇಳುವುದು? ಪಕ್ಕದ ಮನೆಯ ನಾಯಿಯ ಮೈಮೇಲೂ ಅವೇ, ಸಂತೆಯಿಂದ ಬಂದ ಆಡಿನ ಮೇಲೂ ಅವೇ. ದಿನಾ ಹೇಳಬೇಕು ಅಂದುಕೊಂಡು ಏಳುತ್ತಿದ್ದೆ, ಹೇಳದೆ ಮಲಗುತ್ತಿದ್ದೆ.

ಮುಂದಿನ ಸೋಮವಾರ ಅತ್ತೆ ದನದ ಮೈ ತೊಳೆದರು. ನಾನು ಎಲೆಗಾಗಿ ಕಾದು ನಿಂತೆ. ಈ ಸಲ ನಿಜವಾಗಿ ಕಾಲುವೆ ದಾಟಿಸಬೇಕು, ಬಸ್ಸು ಹಾಳಾಗಿ ಹೋಗಲಿ ಅಂದುಕೊಂಡಿದ್ದೆ. ಅತ್ತೆ ಎಲೆ ತರಲಿಲ್ಲ. ಬಚ್ಚಲಿನಿಂದ ಕೆಂಡದ ಹಂಚು ತಂದರು.

"ಅತ್ತಿ, ಇವತ್ತು ಸೋಮಾರ" ಅಂದೆ.

"ಗೊತ್ತೈತವಾ. ಕಾಲವಿ ದಾಟಿಸಿದ್ರೂ ತಿರುಗಿ ಬಂದು ನನ್ನ ಕೂಸನ್ನ ತಿಂದ್ವು. ಇಷ್ಟು ವರ್ಷ ನಂಬಿದ್ದು ಸುಳ್ಳಾತು."

ಎರಡೂ ಕೆನ್ನೆ ಬಡಿದುಕೊಂಡು ಬಸವಣ್ಣನಿಗೆ ತಪ್ಪಾಯ್ತು ಅಂದು, ಮೊದಲನೆಯದನ್ನು ಕೆಂಡಕ್ಕೆ ಹಾಕಿದರು. ಅವು ಕಾಲುವೆ ದಾಟಿರಲೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳುವ ಬದಲು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, ಆಕಳ ಕಿವಿಗೆ ಕೈ ಹಾಕಿದೆ. ಅತ್ತೆ ನನ್ನ ಮುಂಗೈ ಹಿಡಿದು ಮೆಲ್ಲಗೆ ಸರಿಸಿದರು.

"ನೀ ಮುಟ್ಟಬ್ಯಾಡ, ಅತ್ಲಾಗ ಕುಂದ್ರು. ಈ ಪಾಪ ನನಗಿರ್ಲಿ, ನಿನಗ ಬ್ಯಾಡ."