ರೇಷ್ಮಾ ಓದಿದ ಮೂರನೆಯ ದೃಶ್ಯ

ಹುಡುಗಿ ಎದ್ದು ನಿಂತು ಜೋರಾಗಿ ನಾಟಕ ಓದುತ್ತಿದ್ದಳು. ಅವಳ ತಂದೆ ಆಗಲೇ ತೀರಿಕೊಂಡಿದ್ದರು. ಅದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಇದು ನಡೆದದ್ದು ಖಾನಾಪುರದ ಒಂದು ಪಿಯು ಕಾಲೇಜಿನಲ್ಲಿ. ಬೆಳಗಾವಿಯ ಖಾಸಬಾಗದಿಂದ ಬಸ್ಸು ಹಿಡಿದು ಆಗಾಗ ಅಲ್ಲಿಗೆ ಕನ್ನಡ ಪಾಠ ಮಾಡಲು ಹೋಗುತ್ತೇನೆ. (ರಿಟೈರ್ ಆದರೂ ಚಾಕ್‌ಪೀಸಿನ ಚಟ ಬಿಟ್ಟಿಲ್ಲ.) ಆವತ್ತು ಒಂದು ನಾಟಕದ ಪಾಠ. ಅದರಲ್ಲಿ ಮಲ್ಲೇಶಿ ಅಂತ ಒಬ್ಬ ಹುಡುಗ. ಚುರುಕು, ಮಾತುಗಾರ, ವಿಪರೀತ ಸೊಕ್ಕು. ತಂದೆಯ ಜೊತೆ ಜಗಳವಾಡಿ ಮನೆ ಬಿಡುತ್ತಾನೆ. ಎರಡನೆಯ ದೃಶ್ಯದಲ್ಲಿ ತಂದೆ ಸಾಯುತ್ತಾನೆ. ಮೂರನೆಯದರಲ್ಲಿ ಮಲ್ಲೇಶಿ, ಏನೂ ತಿಳಿಯದೆ, ಗೆಳೆಯರ ನಡುವೆ ಕುಳಿತು ಅಪ್ಪನನ್ನು ಅಣಕಿಸುತ್ತಾನೆ. ಮುದುಕ ತಾನಾಗಿ ಬಂದು ಕರೆಯುವ ತನಕ ಮನೆ ಕಡೆ ಮುಖ ಹಾಕುವುದಿಲ್ಲ ಎನ್ನುತ್ತಾನೆ.

ನೋಡುವವರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಇದೇ ನಾಟಕೀಯ ವ್ಯಂಗ್ಯ ಎಂದು ಬೋರ್ಡಿನ ಮೇಲೆ ಬರೆದೆ. ಇಂಪಾರ್ಟೆಂಟ್ ಎಂದು ಅಡಿಗೆರೆಯನ್ನೂ ಎಳೆದೆ.

ಮಲ್ಲೇಶಿಯ ಮಾತು ಓದಲು ಎದ್ದವಳು ರೇಷ್ಮಾ. ಲೋಂಡಾದಿಂದ ದಿನಾ ರೈಲಿಗೆ ಬರುವ ಹುಡುಗಿ. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ. ಆದರೆ ಆ ಕ್ಲಾಸಿನಲ್ಲಿ ಅವಳಷ್ಟು ಚೆಂದ ಕನ್ನಡ ಓದುವವರು ಇನ್ನೊಬ್ಬರಿಲ್ಲ. ಓದುವ ಮೊದಲು ಮಲ್ಲೇಶಿಯ ಪರ ವಕಾಲತ್ತು ಬೇರೆ.

"ಮಿಸ್, ಎಲ್ಲಾರೂ ಇವಂಗ ಬೈತಾರಲ್ರಿ. ಅಪ್ಪಾನೂ ಒಂದ್ ಮಾತು ತಗ್ಗಿ ಮಾತಾಡಬಾರದಿತ್ತೇನು?"

ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನನ್ನನ್ನು ಹೊರಗೆ ಕರೆದರು. ದನಿ ತಗ್ಗಿಸಿದರು.

"ರೇಷ್ಮಾನ ತಂದಿ ತೀರಿಕೊಂಡಾರ್ರೀ ಮೇಡಂ. ಹಾರ್ಟ್ ಅಟ್ಯಾಕ್. ಅವರ ಚಾಚಾ ಗಾಡಿ ತಗೊಂಡು ಹೊಂಟಾರ. ತಾವು ಬರೂತನಕ ಹುಡುಗಿಗೆ ಗೊತ್ತಾಗೂದು ಬ್ಯಾಡ ಅಂದಾರ. ನೀವು ಕ್ಲಾಸ್ ನಡಸ್ರಿ."

ನಡೆಸಿ ಅಂದರೆ? ಏನು ನಡೆಸಲಿ?

ಒಳಗೆ ಬಂದೆ. ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಅವಳು ನಿಂತೇ ಇದ್ದಳು. "ಓದಲೇನ್ರೀ ಮಿಸ್?" ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಬೇರೆಯವರಿಗೆ ಕೊಟ್ಟರೆ ಮುಖ ನೋಡುತ್ತಾಳೆ. ಓದು ಎಂದೆ.

ಓದಿದಳು. ಅಪ್ಪನ ಕೆಮ್ಮು, ಅಪ್ಪನ ಗದರಿಕೆ, ಎಲ್ಲವನ್ನೂ ಅಭಿನಯಿಸಿ ಓದಿದಳು. ಕ್ಲಾಸು ನಗತೊಡಗಿತು. ಅವಳಿಗೆ ಇನ್ನಷ್ಟು ಹುರುಪು ಬಂತು. ಪುಸ್ತಕ ಕೆಳಗಿಳಿಸಿ ಹೇಳಿದಳು:

"ನಮ್ಮ ಅಬ್ಬಾನೂ ಸೇಮ್ ಹಿಂಗರೀ! ಮುಂದ ಓದಾಕ ಬೆಳಗಾವಿ ಹಾಸ್ಟೆಲಿಗೆ ಕಳಸಂಗಿಲ್ಲ ಅಂತ ಮುಂಜಾನಿ ಜಗಳ ಆತು. ನಾ ಮಾತು ಬಿಟ್ಟು ಬಂದೀನಿ. ಸಂಜಿಗಿ ನೋಡ್ರಿ, ಸ್ಟೇಷನ್ನಿಗೆ ತಾವಾಗಿ ಬರ್ತಾರ!"

ಇಡೀ ಕ್ಲಾಸು ಹೋ ಎಂದು ನಕ್ಕಿತು. ಅವಳು ನನ್ನ ಕಡೆ ನೋಡಿದಳು. ನಾನೂ ನಕ್ಕೆ.

ಚಾಚಾ ಬಂದ. ಬಾಗಿಲಲ್ಲೇ ನಿಂತು, ನೆಲ ನೋಡುತ್ತ, "ಬೇಟಾ, ಅಬ್ಬಾಗ ಆರಾಮಿಲ್ಲ, ಬಾ" ಎಂದ. ರೇಷ್ಮಾ ಗಾಬರಿಯಲ್ಲಿ ಬ್ಯಾಗು ತುಂಬಿಕೊಂಡು ಹೋದಳು. ಗಾಡಿ ಗೇಟು ದಾಟುವ ತನಕ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ನಂತರ ಹುಡುಗರಿಗೆ ನಿಜ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅಳುತ್ತ ಕೇಳಿದಳು: "ನಾವೆಲ್ಲಾ ನಗತಿದ್ವಿ ಅಲ್ರೀ ಮಿಸ್?"

ನಮ್ಮಲ್ಲಿ ಸಾವಿನ ಸುದ್ದಿ ಯಾವಾಗಲೂ ಹೀಗೇ ಬರುತ್ತದೆ. 'ಸ್ವಲ್ಪ ಸೀರಿಯಸ್' ಎನ್ನುತ್ತೇವೆ. 'ಲಗೂನ ಬಾ' ಎನ್ನುತ್ತೇವೆ. ದಾರಿಯುದ್ದಕ್ಕೂ ಮಗಳು ದೇವರಿಗೆ ಬೇಡಿಕೊಳ್ಳುತ್ತಾಳೆ. ಬಾಜೂ ಕುಳಿತವನು ಕಿಟಕಿ ನೋಡುತ್ತಾನೆ. ಇದನ್ನು ಕರುಣೆ ಎಂದುಕೊಂಡಿದ್ದೇವೆ.

ರೇಷ್ಮಾ ಮೊನ್ನೆ ಕಾಲೇಜಿಗೆ ಬಂದಳು. ಇಳಿದುಹೋಗಿದ್ದಾಳೆ. ಸ್ಟಾಫ್‌ರೂಮಿನ ಹೊರಗೆ ನನಗಾಗಿ ಕಾದಿದ್ದಳು.

"ಮಿಸ್, ಆವತ್ತು ನಿಮಗ ಗೊತ್ತಿತ್ತೇನ್ರೀ?"

"ಗೊತ್ತಿತ್ತವ್ವಾ."

"ನಾ ಅಬ್ಬಾನ ಮಾತು ತಗದಾಗೂ?"

"ಹೂಂ."

"ಹಂಗಾರ ಯಾಕ ನಕ್ರಿ?"

ನಿನಗೆ ಡೌಟು ಬರಬಾರದು ಅಂತ ಎಂದೆ. ನನ್ನ ಕಿವಿಗೇ ಅದು ಹಗುರವಾಗಿ ಕೇಳಿತು. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ.

"ಆಗ ಹೇಳಿದ್ರ ಆ ಮಾತರ ನನ್ನ ಬಾಯಾಗ ಬರ್ತಿದ್ದಿಲ್ಲರೀ ಮಿಸ್. ಈಗ ದಿನಾ ನೆಪ್ಪಾಗತೈತಿ" ಎಂದಷ್ಟೇ ಹೇಳಿ ಕ್ಲಾಸಿಗೆ ಹೋದಳು.

ಆ ಹೊತ್ತು ಬಾಯಿ ಮುಚ್ಚಿಕೊಂಡು ನಾವು ಕಾಪಾಡಿದ್ದು ಅವಳನ್ನೋ, ನಮ್ಮನ್ನೋ?