ಇಪ್ಪತ್ತೇಳು ಬಾವಿಗಳ ವೆಂಕಟಯ್ಯ

ವೆಂಕಟಯ್ಯನವರ ಕೆಲಸ ಏನೆಂದು ಕೊಪ್ಪದ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಬಾವಿ ಇಣುಕುವುದು ಎಂದೇ ಹೇಳುತ್ತಿದ್ದರು. ತಮಾಷೆಯ ಮಾತಾದರೂ ಸುಳ್ಳಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ನಮ್ಮ ಅಂತರ್ಜಲ ಕಚೇರಿ ಆರಿಸಿಟ್ಟಿದ್ದ ಇಪ್ಪತ್ತೇಳು ತೆರೆದ ಬಾವಿಗಳಿಗೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ, ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದುಕೊಂಡು ಬರುವುದು ಅವರ ನೌಕರಿ. 1987ರಲ್ಲಿ ಶುರು ಮಾಡಿದ್ದು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಡುವರು, ಮೇಲೆತ್ತಿ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡುವರು, ಕಳೆದು ಲೆಕ್ಕ ಹಾಕಿ ಪುಸ್ತಕಕ್ಕೆ ಒಂದು ಅಂಕಿ ಬರೆಯುವರು. ಐದು ನಿಮಿಷದ ಕೆಲಸ. ಆ ಮನೆಯಿಂದ ಹೊರಡಲು ಮಾತ್ರ ಒಂದು ಗಂಟೆ ಬೇಕು, ಏಕೆಂದರೆ ಬಾವಿ ಅಳೆಯಲು ಬಂದವರನ್ನು ಕಾಫಿ ಕೊಡದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಕೆಲವು ಮನೆಯಲ್ಲಿ ಅಕ್ಕಿರೊಟ್ಟಿ, ಕೆಲವು ಮನೆಯಲ್ಲಿ ಹಲಸಿನ ಹಪ್ಪಳ. "ಇವ್ರಿಗೆ ಇಪ್ಪತ್ತೇಳು ಮನೆ ರುಚಿ ಗೊತ್ತು, ನಂದು ಇಪ್ಪತ್ತೆಂಟನೇದು" ಎಂದು ಅವರ ಹೆಂಡತಿ ಲಲಿತಮ್ಮ ಆಡಿಕೊಳ್ಳುತ್ತಿದ್ದರು.

ನಾನು ಆ ಕಚೇರಿಗೆ ಸೇರಿದ್ದು 2006ರ ಜೂನ್‌ನಲ್ಲಿ, ಗುತ್ತಿಗೆ ಮೇಲೆ, ಕಂಪ್ಯೂಟರ್ ಕೆಲಸಕ್ಕೆ. ಹೆಸರು ಶ್ರೀರಂಜನಿ, ಊರು ಹರಿಹರಪುರ, ವಯಸ್ಸು ಆಗ ಇಪ್ಪತ್ನಾಲ್ಕು. ನನಗೆ ತಾಳ್ಮೆ ಕಡಿಮೆ. ಇದನ್ನು ನಮ್ಮ ಅಮ್ಮನೂ ಹೇಳುತ್ತಾಳೆ, ನನ್ನ ಗಂಡನೂ ಹೇಳುತ್ತಾರೆ, ಹಾಗಾಗಿ ನಿಜವೇ ಇರಬೇಕು. ವೆಂಕಟಯ್ಯನವರ ಹತ್ತೊಂಬತ್ತು ವರ್ಷದ ಪುಸ್ತಕಗಳನ್ನು ಟೈಪ್ ಮಾಡಲು ನನ್ನನ್ನು ಕೂರಿಸಿದ್ದರು. ಪುಟ ಪುಟವೂ ಬರೀ ಅಂಕಿ. ದಿನಕ್ಕೆ ಎಂಟು ಗಂಟೆ ಬೇರೆಯವರ ಬಾವಿಯ ಆಳ ಟೈಪ್ ಮಾಡಿ ನೋಡಿ, ನನ್ನ ಸಿಟ್ಟು ಅರ್ಥವಾಗುತ್ತದೆ.

ನವೆಂಬರ್‌ನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಮಣ್ಣು, ಮಳೆ, ಅಂತರ್ಜಲ ಇಂಥ ಭೂಮಿಯ ಮಾಹಿತಿಯನ್ನೆಲ್ಲ ಒಂದೇ ಸೂಚಿಯಲ್ಲಿ ಸೇರಿಸುತ್ತಾರಂತೆ, ದೇಶದ ಯಾವ ಮೂಲೆಯ ಸಂಶೋಧಕರಾದರೂ ಅದರಲ್ಲಿ ಹುಡುಕಿ ಬಳಸಬಹುದಂತೆ. ಆದರೆ ಬರೀ ಅಂಕಿ ಕಳಿಸಿದರೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಬಾವಿಗೂ ಮೆಟಾಡೇಟಾ ಎಂಬ ನಮೂನೆ ತುಂಬಬೇಕು. ಬಾವಿ ಎಲ್ಲಿದೆ, ಯಾರು ಅಳೆದರು, ಯಾವುದರಿಂದ ಅಳೆದರು, ಎಲ್ಲಿಂದ ಎಲ್ಲಿಗೆ ಅಳೆದರು, ನಡುವೆ ಏನಾದರೂ ಬದಲಾಯಿತೇ, ಎಲ್ಲವೂ. ನಮ್ಮ ಅಧಿಕಾರಿ ಶಾಂತವೀರಪ್ಪನವರು ದಾವಣಗೆರೆ ಕಡೆಯವರು. ನಮೂನೆ ಹಿಡಿದು ಅರ್ಧ ಗಂಟೆ ವಿವರಿಸಿದರು. ನನಗೆ ತಲೆನೋವು ಬಂತು. ಬಾಗಿಲ ಬಳಿ ನಿಂತಿದ್ದ ವೆಂಕಟಯ್ಯನವರು ಒಂದೇ ಮಾತಿನಲ್ಲಿ ಮುಗಿಸಿದರು.

"ಸಂಬಂಧ ನೋಡೋಕೆ ಹೋದಾಗ ಹುಡುಗಿ ನೋಡೋಕೆ ಮೊದ್ಲು ಮನೆತನ ಕೇಳ್ತಾರಲ್ಲ ಸಾರ್, ಹಂಗೆ. ಅಂಕಿಗೂ ಮನೆತನ ಬೇಕು."

"ಹೌದ್ರೀ, ಅಷ್ಟೇ" ಎಂದರು ಶಾಂತವೀರಪ್ಪ, ಸ್ವಲ್ಪ ಬೇಜಾರಾಗಿ.

ತೊಂದರೆ ಶುರುವಾದದ್ದು ಒಂದು ವಾರದ ನಂತರ. ಅಂಕಿಗಳನ್ನೆಲ್ಲ ಹಾಕಿ ವರ್ಷದಿಂದ ವರ್ಷಕ್ಕೆ ಹೋಲಿಸಿದಾಗ ಹನ್ನೊಂದು ಬಾವಿಗಳಲ್ಲಿ ಕಂಪ್ಯೂಟರ್ ಕೆಂಪು ಗೆರೆ ತೋರಿಸಿತು. ಶೆಟ್ಟಿಕೊಪ್ಪದ ಶೇಷಮ್ಮನವರ ಮನೆ ಬಾವಿಯನ್ನೇ ತೆಗೆದುಕೊಳ್ಳಿ. 1994ರ ದೀಪಾವಳಿಯ ತನಕ ನೀರು ಅದರ ಪಾಡಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಇಪ್ಪತ್ತೊಂದು ಸೆಂಟಿಮೀಟರ್ ಕೆಳಗೆ ಕೂತಿತು, ಮತ್ತೆಂದೂ ಹಳೆಯ ಮಟ್ಟಕ್ಕೆ ಬರಲಿಲ್ಲ. ಪಕ್ಕದ ಹಳ್ಳಿಯ ಬಾವಿಯಲ್ಲಿ ಆ ವರ್ಷ ಹಾಗೇನೂ ಆಗಿರಲಿಲ್ಲ. ಆ ಪಕ್ಕದ ಬಾವಿಯ ನೀರು ಮುಂದಿನ ವರ್ಷದ ದೀಪಾವಳಿಗೆ ಇಳಿದಿತ್ತು. ನೆಲದೊಳಗಿನ ನೀರಿಗೆ ಹಬ್ಬದ ಲೆಕ್ಕ ಹೇಗೆ ಗೊತ್ತು?

ಶಾಂತವೀರಪ್ಪನವರು ಕನ್ನಡಕ ತೆಗೆದಿಟ್ಟರು. "ಕಾರಣ ಕೊಡದಿದ್ರೆ ಈ ಹನ್ನೊಂದು ಬಾವಿ ಹೋದ್ವು. ಹನ್ನೊಂದರಲ್ಲಿ ತಪ್ಪಿದಾತ ಉಳಿದಿದ್ದರಲ್ಲಿ ಸರಿ ಅದಾನೆ ಅಂತ ಯಾರು ನಂಬ್ತಾರ್ರೀ? ಇಪ್ಪತ್ತೇಳನ್ನೂ ಕೈ ಬಿಡಬೇಕಾಗತೈತಿ. ಡಿಸೆಂಬರ್ ಹದಿನೈದರ ತನಕ ಟೈಮ್ ಐತಿ, ನೋಡ್ರಿ."

ವೆಂಕಟಯ್ಯನವರು ಜನವರಿ ಕೊನೆಗೆ ನಿವೃತ್ತರಾಗುವವರಿದ್ದರು. ಹತ್ತೊಂಬತ್ತು ವರ್ಷದ ಕೆಲಸ ಬೀರುವಿನಲ್ಲೇ ಧೂಳು ತಿನ್ನಬೇಕಾದ ಪರಿಸ್ಥಿತಿ. ಅಂಥ ಹೊತ್ತಿನಲ್ಲಿ ನಾನು ಆಡಬಾರದ ಮಾತು ಆಡಿದೆ. "ನಿಜ ಹೇಳಿ ವೆಂಕಟಯ್ಯನೋರೆ, ಕೆಲವು ತಿಂಗಳು ಹೋಗದೆ ಮನೇಲೇ ಕೂತು ಬರೆದಿದ್ದೀರಾ?"

ಅವರು ಜಗಳವಾಡಲಿಲ್ಲ. ಮುಂದಿದ್ದ ಕಾಫಿ ಲೋಟವನ್ನು ಹಾಗೇ ಬಿಟ್ಟು ಎದ್ದು ಹೋದರು. ವೆಂಕಟಯ್ಯ ಕಾಫಿ ಬಿಟ್ಟು ಎದ್ದದ್ದನ್ನು ಆ ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ ಅವರ ಪಕ್ಕದಲ್ಲೇ ನಿಂತೆ. "ನಾನೂ ಬರ್ತೀನಿ. ಶೇಷಮ್ಮನವರ ಬಾವಿ ನೋಡ್ಬೇಕು" ಎಂದೆ. ಬಸ್ ಬಂದಾಗ ಅವರು ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟರು.

ಶೆಟ್ಟಿಕೊಪ್ಪದಲ್ಲಿ ಇಳಿದು ಹೋದಾಗ ಶೇಷಮ್ಮನವರು ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಅರವತ್ತು ದಾಟಿದ ಗಟ್ಟಿ ಹೆಂಗಸು. ದೀಪಾವಳಿ ಮುಗಿದು ತಿಂಗಳಾಗಿದ್ದರೂ ಬಾವಿಕಟ್ಟೆ ಇನ್ನೂ ಹಬ್ಬದ ಕಳೆಯಲ್ಲಿತ್ತು. ನೀರು ತುಂಬುವ ಹಬ್ಬಕ್ಕೆ ನಮ್ಮ ಕಡೆ ಬಾವಿಕಟ್ಟೆಗೆ ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದು, ಗಂಗೆಗೆ ಪೂಜೆ ಮಾಡಿಯೇ ಹಂಡೆಗೆ ನೀರು ಸೇದುವುದು. ಕಟ್ಟೆಯ ನೆತ್ತಿಯ ಮೇಲೆ, ಎದ್ದು ಕಾಣುವಂತೆ, ಕಾಸಿನಗಲದ ಕೆಂಪು ಬೊಟ್ಟು. ವೆಂಕಟಯ್ಯನವರು ಟೇಪು ತೆಗೆದು ಸರಿಯಾಗಿ ಆ ಬೊಟ್ಟಿನ ಮೇಲೆ ಹಿಡಿದರು.

"ಇಲ್ಲಿಂದಲೇ ಯಾಕೆ?" ಎಂದೆ.

"ಇದೇ ಆಫೀಸಿನ ಗುರುತು ಮಾರಾಯ್ತಿ. ಎಂಬತ್ತೇಳರಲ್ಲಿ ಪೈಂಟ್ ಹಚ್ಚಿದ್ದು. ಗುರುತು ಬಿಟ್ಟು ಒಂದು ಬೆರಳು ಆಚೀಚೆ ಹಿಡಿಯಂಗಿಲ್ಲ ಅಂತ ಆವಾಗಿನ ಸಾಹೇಬ್ರು ಹೇಳಿದ್ರು."

ನಾನು ಬೊಟ್ಟನ್ನು ಬೆರಳಿನಿಂದ ಒರೆಸಿದೆ. ಕೈಗೆ ಬಣ್ಣ ಬಂತು. ಪೈಂಟ್ ಅಲ್ಲ, ಕುಂಕುಮ.

"ಶೇಷಮ್ಮಾ, ಇದನ್ನ ಇಟ್ಟಿದ್ದು ಯಾರು?"

"ನಾನೇ. ಪ್ರತಿ ಹಬ್ಬಕ್ಕೂ ಇಡ್ತೀನಿ. ಸುಣ್ಣ ಬಳ್ದಾಗ ಅಳಿಸಿ ಹೋಗ್ತದಲ್ಲ" ಎಂದರು ಅವರು ಹೆಮ್ಮೆಯಿಂದ. "ಮೊದ್ಲು ಆಫೀಸ್ನೋರು ಕಟ್ಟೆಯ ಒಳಮುಖಕ್ಕೆ, ಎಲ್ಲೋ ಕೆಳಗೆ ಹಚ್ಚಿದ್ರು. ಯಾರಿಗೂ ಕಾಣ್ತಿರ್ಲಿಲ್ಲ. ನಂಗೆ ಸರಿ ಬರ್ಲಿಲ್ಲ. ಕುಂಕುಮ ಹಣೆಗಿಡ್ತಾರೋ, ಕುತ್ತಿಗೆ ಕೆಳಗಿಡ್ತಾರೋ? ನಮ್ಮ ದಿವ್ಯ ಹುಟ್ಟಿದ ವರ್ಷ ಮೇಲಕ್ಕೆ ತಂದೆ. ಗಂಗೆ ಹಣೆಗೆ ಈಗ ಹೆಂಗೆ ಒಪ್ಪಿದೆ ನೋಡು."

ಮೊಮ್ಮಗಳು ದಿವ್ಯ ಹುಟ್ಟಿದ್ದು 1994ರಲ್ಲಿ. ಗುರುತು ಎಷ್ಟು ಮೇಲೇರಿತೋ, ಅಲ್ಲಿಂದ ಅಳೆದ ನೀರು ಅಷ್ಟೇ ಕೆಳಗಿಳಿದಂತೆ ಪುಸ್ತಕದಲ್ಲಿ ಕಂಡಿತ್ತು. ನಾನು ವೆಂಕಟಯ್ಯನವರ ಕಡೆ ತಿರುಗಿದೆ. ಅವರ ಬಾಯಿ ತೆರೆದಿತ್ತು.

"ನಿಮಗೆ ಗೊತ್ತಾಗ್ಲಿಲ್ವಾ?"

"ಮೇಲೆ ಬಂದಿದೆ ಅಂತ ಕಂಡಿತ್ತು. ಆಫೀಸಿನ ಪೈಂಟರೇ ಬಂದು ಹೋಗಿದ್ದಾನೆ ಅಂದ್ಕಂಡೆ. ಆಮೇಲೆ ಕುಂಕುಮ ಕಂಡಾಗ, ಆ ಪೈಂಟಿನ ಮೇಲೇ ಇಡ್ತಾರೆ ಅಂದ್ಕಂಡೆ. ಇನ್ನೊಬ್ರ ಮನೆ ಕುಂಕುಮ ಇಲ್ಯಾಕೆ, ಅಲ್ಯಾಕೆ ಅಂತ ಕೇಳೋದು ಹೆಂಗೆ ಹೇಳು?"

"ನೋಡಿ ನಕ್ಕರಲ್ಲ ಇವ್ರು" ಎಂದರು ಶೇಷಮ್ಮ. "ಚೆಂದಾಗಿದೆ ಅಂದ್ರು. ಹಂಗಾದ್ರೆ ಒಪ್ಪಿಗೆ ಆತು ಅಂದ್ಕಂಡೆ."

ನನಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ನಕ್ಕೆ. ನಿನ್ನೆಯಿಂದ ಮುಖ ಗಂಟಿಕ್ಕಿದ್ದ ವೆಂಕಟಯ್ಯನವರೂ ನಕ್ಕರು. ಅದು ನನಗೆ ಸಿಕ್ಕ ಕ್ಷಮೆ ಎಂದು ತಿಳಿದೆ. ಉಳಿದ ಹತ್ತು ಬಾವಿಗಳ ಕಥೆಯೂ ಒಂದೇ ಪ್ರಶ್ನೆಗೆ ಹೊರಬಿತ್ತು. ಬೇರೆ ಮನೆಗಳಲ್ಲಿ ಇದನ್ನು ಹೊಗಳಿದ್ದಿರಾ ಎಂದು ಕೇಳಿದೆ. ಹೊಗಳಿದ್ದರು. ಶೇಷಮ್ಮನವರ ಬಾವಿ ಲಕ್ಷ್ಮಿಯ ಹಾಗಿದೆ ಎಂದು ಮುಂದಿನ ಊರಿನ ವನಜಮ್ಮನವರಿಗೆ ಹೇಳಿದ್ದರು. ಮುಂದಿನ ದೀಪಾವಳಿಗೆ ವನಜಮ್ಮನವರ ಕುಂಕುಮವೂ ನೆತ್ತಿಗೇರಿತು. ವನಜಮ್ಮನ ಬಾವಿಯನ್ನು ಇನ್ನೊಬ್ಬರ ಮನೆಯಲ್ಲಿ ಹೊಗಳಿದರು. ಹೀಗೆ ಊರಿಂದ ಊರಿಗೆ, ಶೃಂಗೇರಿಯ ತನಕ. ಹನ್ನೊಂದು ಬಾವಿಯ ನೀರನ್ನು ಇಳಿಸಿದ್ದು ವೆಂಕಟಯ್ಯನವರ ನಾಲಿಗೆ.

ಕಚೇರಿಗೆ ಬಂದು ಹೇಳಿದಾಗ ಶಾಂತವೀರಪ್ಪನವರೂ ನಕ್ಕರು, ಆದರೆ ನಗು ಮುಗಿದ ಮೇಲೆ ತಲೆ ಅಲ್ಲಾಡಿಸಿದರು. "ಬಾಯಿಮಾತು ನಡೆಯಂಗಿಲ್ರೀ. ಹಳೇ ಗುರುತು ಎಲ್ಲಿತ್ತು ಅಂತ ಕಣ್ಣಿಗೆ ಕಾಣಬೇಕು. ಅಳತೆ ತಾಳೆ ಆಗಬೇಕು."

ಹಳೆಯ ಗುರುತು ಹನ್ನೆರಡು ವರ್ಷದ ಸುಣ್ಣದ ಕೆಳಗಿತ್ತು. ಅದನ್ನು ಕಾಣಬೇಕಾದರೆ ಹಬ್ಬಕ್ಕೆ ಸಿಂಗರಿಸಿದ ಬಾವಿಯನ್ನು ಕೆರೆಯಬೇಕು. ಇದನ್ನು ಶೇಷಮ್ಮನವರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಎರಡನೇ ಸಲ ಹೋದಾಗ ಕಾಫಿ ಆಯಿತು, ಹಪ್ಪಳ ಆಯಿತು, ಅಡಿಕೆಯ ಧಾರಣೆಯ ಮಾತಾಯಿತು. ವೆಂಕಟಯ್ಯನವರು ಮತ್ತೊಂದು ಲೋಟ ಕಾಫಿ ಕೇಳಿದರು. ಕೊನೆಗೆ ನಾನೇ ಬಾಯಿ ಬಿಟ್ಟೆ. ಗುರುತು ಸಿಗದಿದ್ದರೆ ಇವರು ಹತ್ತೊಂಬತ್ತು ವರ್ಷ ಅಳೆದದ್ದೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಶೇಷಮ್ಮನವರು ಬಾವಿಯನ್ನೊಮ್ಮೆ ನೋಡಿದರು, ವೆಂಕಟಯ್ಯನವರನ್ನೊಮ್ಮೆ ನೋಡಿದರು. "ಕೂಸೆ, ಅಷ್ಟು ಹೇಳೋಕೆ ಮೂರು ಲೋಟ ಕಾಫಿ ಬೇಕಾಯ್ತಾ?" ಎಂದು ಒಳಗೆ ಹೋದವರು ದೋಸೆಯ ಸಟ್ಟುಗ ಹಿಡಿದು ಬಂದರು. ಮೊದಲು ಬಾವಿಗೆ ಕೈ ಮುಗಿದರು. ಆಮೇಲೆ ತಾವೇ ಬಗ್ಗಿ ಒಳಮುಖದ ಸುಣ್ಣ ಕೆರೆಯತೊಡಗಿದರು. ಪದರ ಪದರವಾಗಿ ಸುಣ್ಣ ಕಳಚಿ ನೀರಿಗೆ ಬೀಳುತ್ತಿತ್ತು. "ಅಲ್ಲಲ್ಲ, ಇನ್ನೊಂಚೂರು ಎಡಕ್ಕೆ" ಎಂದು ವೆಂಕಟಯ್ಯನವರು ಹೇಳುತ್ತಿದ್ದರು. ಕಾಲು ಗಂಟೆ ಏನೂ ಕಾಣಲಿಲ್ಲ. ಆಮೇಲೆ ಜಂಬಿಟ್ಟಿಗೆ ಕಲ್ಲಿಗೆ ಅಂಟಿಕೊಂಡ ಎಣ್ಣೆ ಪೈಂಟಿನ ಒಂದು ಕೆಂಪು ಗೆರೆ ಕಂಡಿತು.

ವೆಂಕಟಯ್ಯನವರು ಟೇಪು ಹಿಡಿದರು. ನಾನು ಬಗ್ಗಿ ಓದಿದೆ. ಹಳೆಯ ಗೆರೆಯಿಂದ ಶೇಷಮ್ಮನವರ ಬೊಟ್ಟಿಗೆ ಇಪ್ಪತ್ತೊಂದು ಸೆಂಟಿಮೀಟರ್. ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲ. ಇನ್ನೊಮ್ಮೆ ಓದು ಎಂದರು. ಓದಿದೆ. ಮತ್ತೊಮ್ಮೆ ಎಂದರು. ನನಗೆ ತಾಳ್ಮೆ ಕಡಿಮೆ, ಆದರೂ ಮೂರನೇ ಸಲವೂ ಓದಿದೆ.

ಆಮೇಲಿನ ಹದಿನೈದು ದಿನ ನನ್ನ ನೌಕರಿಯಲ್ಲೇ ಅತಿ ಸುಖದ ದಿನಗಳು. ಹತ್ತು ಮನೆ, ಹತ್ತು ಸಟ್ಟುಗ. ಯಾವ ಮನೆಯಲ್ಲೂ ಇಸವಿ ಗೊತ್ತಿರಲಿಲ್ಲ, ಎಲ್ಲ ಮನೆಯಲ್ಲೂ ಲೆಕ್ಕ ಗೊತ್ತಿತ್ತು. ಕಪಿಲೆ ಅವಳಿ ಕರು ಹಾಕಿದ ವರ್ಷ, ಅತ್ತಿಗೆಯ ಮದುವೆ ಆದ ಮುಂದಿನ ದೀಪಾವಳಿ, ಟಿವಿ ತಂದ ವರ್ಷ. ಒಂದೊಂದೂ ಕಂಪ್ಯೂಟರಿನ ಕೆಂಪು ಗೆರೆಗೆ ಸರಿಯಾಗಿ ಹೊಂದಿತು. ನನ್ನ ತೂಕ ಎರಡು ಕಿಲೋ ಏರಿತು. ವೆಂಕಟಯ್ಯನವರು ಪ್ರತಿ ಮನೆಯಲ್ಲೂ ಕಟ್ಟೆಯನ್ನು ಹೊಗಳಬಾರದೆಂದು ನಾನು ಆಣೆ ಹಾಕಿಸಿದ್ದೆ. ಎರಡು ಕಡೆ ಮುರಿದರು.

ನಮೂನೆ ತುಂಬುವಾಗ ಒಂದು ಅಂಕಣದಲ್ಲಿ ಅಡಚಣೆ ಬಂತು. ಗುರುತು ಬದಲಾದ ಕಾರಣ. ಶಾಂತವೀರಪ್ಪನವರು 'ನಿರ್ವಹಣೆ' ಎಂದು ಹಾಕಿರಿ ಎಂದರು. ನಾನು ಒಪ್ಪಲಿಲ್ಲ. ಮನೆತನ ಹೇಳುವಾಗ ಸುಳ್ಳು ಹೇಳಬಾರದು ಎಂದೆ. ಕೊನೆಗೆ ಅವರು, ಬರೀರಿ, ಇದ್ದದ್ದನ್ನೇ ಬರೀರಿ ಎಂದರು. 'ನೀರು ತುಂಬುವ ಹಬ್ಬದಂದು ಮನೆಯವರು ಗುರುತನ್ನು 21 ಸೆಂ.ಮೀ. ಮೇಲೆ ಇಟ್ಟಿದ್ದಾರೆ' ಎಂದು ಬರೆದೆ. ಮಾಹಿತಿ ಕೊಟ್ಟವರು ಎಂಬಲ್ಲಿ ಶೇಷಮ್ಮ, ಶೆಟ್ಟಿಕೊಪ್ಪ. ಡಿಸೆಂಬರ್ ಹದಿನಾಲ್ಕಕ್ಕೆ ಇಪ್ಪತ್ತೇಳೂ ಹೋದವು, ಇಪ್ಪತ್ತೇಳೂ ಸೂಚಿಗೆ ಸೇರಿದವು. ವೆಂಕಟಯ್ಯನವರು ಜನವರಿಯಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋದರು.

2008ರ ಆಗಸ್ಟ್‌ನಲ್ಲಿ ಕಚೇರಿಗೆ ಒಂದು ಇಮೇಲ್ ಬಂತು. ಉತ್ತರದ ಕಡೆಯ ಯಾವುದೋ ವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ ಬರೆದದ್ದು. ನಾನು ವೆಂಕಟಯ್ಯನವರಿಗೆ ಫೋನ್ ಮಾಡಿದೆ. ಅವರು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು. ಕುರ್ಚಿ ಎಳೆದು ಕಂಪ್ಯೂಟರ್ ಮುಂದೆ ಕೂರಿಸಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ನಿಮ್ಮ ಇಪ್ಪತ್ತೇಳು ಬಾವಿಗಳ ಅಂಕಿಗಳನ್ನು ಪೂರ್ತಿ ಓದಿದ್ದೇನೆ, ಇಷ್ಟು ವರ್ಷ ಒಂದು ತಿಂಗಳೂ ತಪ್ಪದ ದಾಖಲೆ ನನಗೆ ಬೇರೆಲ್ಲೂ ಸಿಗಲಿಲ್ಲ, ಒಂದೇ ಒಂದು ಸಂದೇಹ ಇದೆ, ನೀರನ್ನು ಅಳೆದದ್ದು ಮನೆಯವರು ಬೆಳಗಿನ ನೀರು ಸೇದುವ ಮೊದಲೋ ಆಮೇಲೋ.

ವೆಂಕಟಯ್ಯನವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಪೂರ್ತಿ ಓದಿದ್ದಾಳಾ?"

"ಪೂರ್ತಿ."

"ಇಷ್ಟು ವರ್ಷ ಅಂಕಿ ಕೊಟ್ಟೆ ಮಾರಾಯ್ತಿ, ಒಬ್ರೂ ಒಂದು ಪ್ರಶ್ನೆ ಕೇಳಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು, ಅದನ್ನು ಮುಚ್ಚಿಡುವುದೇಕೆ? ನಾನು ಕೀಬೋರ್ಡ್ ಎಳೆದುಕೊಂಡು ಉತ್ತರ ಹೇಳಿ ಎಂದೆ. ಅವರು ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡರು.

"ಬರ್ಕೊ. ಶೆಟ್ಟಿಕೊಪ್ಪ, ಸೇದಿದ ಮೇಲೆ. ಶೇಷಮ್ಮ ಆರು ಗಂಟೆಗೆ ಎದ್ದು ಹಂಡೆ ತುಂಬ್ತಾರೆ, ನನ್ನ ಬಸ್ಸು ಮುಟ್ಟೋದು ಒಂಬತ್ತೂವರೆಗೆ. ಎರಡ್ನೇದು ವನಜಮ್ಮಂದು..."

ಇಪ್ಪತ್ತೇಳನೆಯದು ಮುಗಿಯುವಾಗ ಕಚೇರಿಯ ಬಾಗಿಲು ಹಾಕುವ ಹೊತ್ತಾಗಿತ್ತು. ಶಾಂತವೀರಪ್ಪನವರು ಹೊರಗೆ ಬೀಗ ಹಿಡಿದು ನಿಂತು ಕಾಯುತ್ತಿದ್ದರು.