ಬೆನ್ನಿಗೆ ಬೆನ್ನು ಕೊಟ್ಟ ಗೂಡುಗಳು

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ಚಿತ್ರದುರ್ಗದಲ್ಲಿ ಹಳೆಯ ಕಟ್ಟಡಗಳ ಭದ್ರತೆ ಪರೀಕ್ಷಿಸುವ ಎಂಜಿನಿಯರ್ ಆಗಿದ್ದೆ. ಪೇಟೆಯ ನಡುವಿನ ಒಂದು ಇಟ್ಟಿಗೆ ಕಟ್ಟಡದ ಗೋಡೆ ಬಿರುಕು ಬಿಟ್ಟಿದೆ ಎಂದು ದೂರು ಬಂತು. ಮೊದಲು ಅದು ಹತ್ತಿ ವ್ಯಾಪಾರಿಯೊಬ್ಬರ ಮಳಿಗೆಯಾಗಿತ್ತಂತೆ. ಕಟ್ಟಿದ ವರ್ಷವನ್ನು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ನೋಡುವ ಹೊತ್ತಿಗೆ ಕೆಳಗೆ ಎರಡು ಅಂಗಡಿಗಳಿದ್ದವು: ತಿಪ್ಪೇಸ್ವಾಮಿಯವರ ಬಟ್ಟೆಯದು, ಗಂಗಮ್ಮನವರ ಪಾತ್ರೆಯದು. ನಡುವೆ ಒಂದೇ ಗೋಡೆ. ಮಹಡಿಯಲ್ಲಿ ಬಟ್ಟೆಯ ಮೂಟೆಗಳು ಮತ್ತು ತಿಪ್ಪೇಸ್ವಾಮಿಯವರ ಸೊಸೆ ನಡೆಸುವ ಹೊಲಿಗೆ ತರಗತಿ. ಭರಮಸಾಗರ, ಹಿರೇಗುಂಟನೂರಿನಿಂದ ಹುಡುಗಿಯರು ಬಸ್ಸಿನಲ್ಲಿ ಬರುತ್ತಿದ್ದರು.

"ಈ ಬಿರುಕು ನಮ್ಮಪ್ಪನ ಕಾಲದಿಂದ ಐತೆ ಸಾರ್, ನನಗಿಂತ ಹಿರೀದು. ಕುಂತ್ಕಳ್ರಿ, ಟೀ ಕುಡೀರಿ" ಎಂದರು ತಿಪ್ಪೇಸ್ವಾಮಿ.

ಗೋಡೆ ಒಂದೂವರೆ ಅಡಿ ದಪ್ಪವಿತ್ತು. ನಾನೂ ಹೆಚ್ಚು ಗಾಬರಿಯಾಗಲಿಲ್ಲ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿದೆ. ಗೋಡೆ ನೆಲೆನಿಂತಿದ್ದರೆ ಗಾಜು ಹಾಗೇ ಉಳಿಯುತ್ತದೆ. ಇನ್ನೂ ಸರಿಯುತ್ತಿದ್ದರೆ ಒಡೆಯುತ್ತದೆ.

ಮುಂದಿನ ವಾರ ಗಾಜು ಒಡೆಯಿತು. ನನ್ನ ಕಣ್ಣೆದುರೇ 'ಟಿಕ್' ಎಂದಿತೆಂದು ನನ್ನ ನೆನಪು. ನಾನು ಬರುವ ಮುಂಚೆಯೇ ಒಡೆದಿತ್ತು ಎನ್ನುತ್ತಾರೆ ಗಂಗಮ್ಮ. ಆ ಸದ್ದನ್ನು ನನ್ನ ಹೆದರಿಕೆ ಆಮೇಲೆ ನೆನಪಿಗೆ ಸೇರಿಸಿರಬಹುದು.

ಇಷ್ಟು ದಪ್ಪದ ಗೋಡೆ ಯಾಕೆ ಸರಿಯಬೇಕು? ತೋಚದೆ ನಿಂತಿದ್ದಾಗ ಗಂಗಮ್ಮ ಪಕ್ಕದಂಗಡಿಯವರನ್ನು ಛೇಡಿಸಿದರು: "ಏನಪ್ಪ ತಿಪ್ಪೇಸ್ವಾಮಿ, ನಿನ್ ದೇವ್ರೂ ನನ್ ದೇವ್ರೂ ಬೆನ್ನಿಗೆ ಬೆನ್ನು ಕೊಟ್ಟು ಕುಂತವೆ. ಅವೂ ನಮ್ಮಂಗೇ ಆಗಾಗ ಮಾತು ಬಿಡ್ತವೇನೋ."

ನಾನು ಎರಡೂ ಅಂಗಡಿಗಳ ಒಳಗೆ ಹೋಗಿ ನೋಡಿದೆ. ಒಂದು ಅಂಗಡಿಯ ದೇವರು ಪೂರ್ವಕ್ಕೆ, ಇನ್ನೊಂದರದು ಪಶ್ಚಿಮಕ್ಕೆ ಮುಖಮಾಡಿದ್ದವು. ಎರಡರ ಗೂಡೂ ಅದೇ ಗೋಡೆಯಲ್ಲಿ, ಒಂದೇ ಎತ್ತರದಲ್ಲಿ. ದೇವರ ಫೋಟೊಗಳು ಹೆಚ್ಚಿದಂತೆಲ್ಲ ಇಬ್ಬರೂ ತಮ್ಮ ಕಡೆಯಿಂದ ಗೂಡನ್ನು ಕೆತ್ತಿ ದೊಡ್ಡದು ಮಾಡುತ್ತ ಬಂದಿದ್ದರು. ಆ ಫೋಟೊಗಳನ್ನು ಗೂಡಿನಿಂದ ಹೊರಗಿಡಿಸಿ ಅಳೆದರೆ, ನಡುವೆ ಉಳಿದದ್ದು ಒಂದು ಇಟ್ಟಿಗೆಯ ಅಗಲ. ಮಹಡಿಯ ದೊಡ್ಡ ತೊಲೆಯ ತುದಿ ನೇರ ಅದರ ಮೇಲೆ ಕೂತಿತ್ತು. ಮೇಲೆ ಹೊಲಿಗೆ ಯಂತ್ರಗಳು ಓಡುತ್ತಿದ್ದವು.

ಇಳಿಯಲು ಇದ್ದ ಮರದ ಮೆಟ್ಟಿಲೂ ಆ ಗೋಡೆಗೇ ಆತುಕೊಂಡಿತ್ತು. ಓಡಿ ಬನ್ನಿ ಎಂದರೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ನಾನು ಗಂಗಮ್ಮನವರಿಗೆ ಪಿಸುದನಿಯಲ್ಲಿ ವಿಷಯ ಹೇಳಿದೆ. ಅವರು ಮೆಟ್ಟಿಲ ಬುಡಕ್ಕೆ ಹೋಗಿ ಎಂದಿನ ದನಿಯಲ್ಲೇ ಕರೆದರು: "ಮಷೀನ್ ನಿಲ್ಸಿ ಬರ್ರೇ, ಟೀ ತರ್ಸೀನಿ. ಒಬ್ಬೊಬ್ರೇ ಇಳೀರಿ, ಲೋಟ ಒಂದೇ ಐತೆ."

"ಪಾತ್ರೆ ಅಂಗ್ಡೀಲಿ ಒಂದೇ ಲೋಟನಾ ಅಜ್ಜಿ?" ಎಂದು ನಗುತ್ತ ಮೊದಲನೆಯವಳು ಇಳಿದಳು. ಅವಳ ಹೆಜ್ಜೆಗೆ ಗೋಡೆಯಿಂದ ಗಾರೆ ಪುಡಿ ಉದುರಿತು. ಕೊನೆಗೆ ತಿಪ್ಪೇಸ್ವಾಮಿಯವರ ಸೊಸೆ ಬೀದಿ ಸೇರುವವರೆಗೂ ಗಂಗಮ್ಮ ಮೆಟ್ಟಿಲ ಬುಡ ಬಿಡಲಿಲ್ಲ.

ತೊಲೆಗೆ ಆಸರೆ ಕೊಟ್ಟು, ಮೂಟೆ ಇಳಿಸಿ, ಗೂಡುಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದೆವು. ದೇವರುಗಳು ಮರದ ಪೀಠಕ್ಕೆ ಬಂದವು. ಕಟ್ಟಡ ಇವತ್ತಿಗೂ ನಿಂತಿದೆ. ಗೋಡೆ ಆ ದಿನ ಬೀಳುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ನಮ್ಮ ಕೆಲಸದಲ್ಲಿ ಭಯ ನಿಜವೆಂದು ಗೊತ್ತಾಗುವುದು ಕಾಲ ಮೀರಿದ ಮೇಲೆ. ಅದಕ್ಕೆ ಮುಂಚೆ ಅದನ್ನು ನಂಬಬೇಕು, ಆದರೆ ಕೂಗಬಾರದು.

ಈಗಲೂ ಹಳೆಯ ಅಂಗಡಿಗೆ ಹೋದರೆ ದೇವರ ಗೂಡಿನ ಮುಂದೆ ತುಸು ಹೊತ್ತು ನಿಲ್ಲುತ್ತೇನೆ. ಅಂಗಡಿಯವರು ನನ್ನನ್ನು ದೈವಭಕ್ತನೆಂದುಕೊಂಡು ಕುಂಕುಮ ಕೊಡುತ್ತಾರೆ. ಹಚ್ಚಿಕೊಳ್ಳುತ್ತೇನೆ; ಆಮೇಲೆ ಗೋಡೆಯ ಆಚೆ ಏನಿದೆ ಎಂದು ಕೇಳುತ್ತೇನೆ.